ಮೂರು ಮೋಡ್, ಒಂದು ಹೂವು

"ಇವತ್ತ ಮಧ್ಯಾಹ್ನದೊಳಗ ಈ ಕಂಪ್ಯೂಟರ್ ಕುದುರಿಗತೆ ಓಡ್ತೈತಿ, ನೀ ನೋಡ್ತಿರು!"

ಭಾನುವಾರ ಬೆಳಿಗ್ಗೆ ಚಹಾದ ಬಶಿ ಕೆಳಗಿಡುತ್ತ ಗುರುಬಸವ ಹೀಗೆ ಸಾರಿದಾಗ, ಮುಂಬಯಿಯ ಸಯನ್ನಿನ ಆ ಎರಡನೇ ಮಾಳಿಗೆಯ ಮನೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನ ಹೆಂಡತಿ ಮಹಾದೇವಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅದು ಒಳ್ಳೆಯ ಲಕ್ಷಣವಲ್ಲ.

"ಕುದುರಿ ಬ್ಯಾಡ್ರಿ," ಅಂದಳು. "ಎತ್ತಿನಗತೆ ನಡ್ಯಾಕತ್ತೈತಲ್ಲ, ಇವತ್ತೊಂದಿನ ಹಂಗ ನಡೀಲಿ. ನಾಕು ಗಂಟೇಕ ನನ್ನ ಸಂಚಿಕಿ ಪ್ರೆಸ್ಸಿಗೆ ಹೋಗೂದೈತಿ."

"ಅದಕ್ಕ ಮತ್ತ! ನಿನ್ನ ಸಂಚಿಕಿ ಸಲುವಾಗೇ ಮಾಡಾಕತ್ತೇನಿ!"

"ನನ್ನ ಸಲುವಾಗಿ ಏನೂ ಮಾಡಬ್ಯಾಡ್ರಿ. ನನ್ನ ಸಲುವಾಗಿ ಮಾಡಿದ ಡೋರ್‌ಬೆಲ್ ಒಂದ ಸಾಕಾಗೇತಿ."

ಡೋರ್‌ಬೆಲ್ಲಿನ ಮಾತು ಬಂದರೆ ಗುರುಬಸವ ಸುಮ್ಮನಾಗುತ್ತಾನೆ. ಹೋದ ದೀಪಾವಳಿಗೆ ಅದನ್ನು ಬಿಚ್ಚಿ ರಿಪೇರಿ ಮಾಡಿದ್ದ. ಅಂದಿನಿಂದ ಇವರ ಮನೆಯ ಗುಂಡಿ ಒತ್ತಿದರೆ ಪಕ್ಕದ ಮನೆಯವರು ಬಾಗಿಲು ತೆರೆಯುತ್ತಾರೆ.

ಅವನ ತಪ್ಪೇನೂ ದೊಡ್ಡದಲ್ಲ, ಪಾಪ. ವಾರವಿಡೀ ವಿಲೆ ಪಾರ್ಲೆಯ ಕಾರ್ಗೋ ಆಫೀಸಿನ ಕುರ್ಚಿ. ಹೋಗುವಾಗ ಬರುವಾಗ ದಾದರಿನಲ್ಲಿ ಲೋಕಲ್ ಗಾಡಿ ಬದಲಿಸಬೇಕು. ಅಲ್ಲಿ ಹಿಂದಿನವರು ದಬ್ಬಿದರೆ ಹತ್ತುತ್ತಾನೆ, ಒಳಗಿನವರು ದಬ್ಬಿದರೆ ಇಳಿಯುತ್ತಾನೆ. ಸ್ವಂತ ಮನಸ್ಸಿನಿಂದ ಒಂದು ಕೆಲಸ ಮಾಡುವ ಭಾಗ್ಯ ಆ ಜೀವಕ್ಕೆ ಸಿಗುವುದು ಭಾನುವಾರ ಮಾತ್ರ. ಅದಕ್ಕೇ ಭಾನುವಾರ ಬಂತೆಂದರೆ ಮನೆಯಲ್ಲಿ ಏನಾದರೊಂದನ್ನು ಬಿಚ್ಚುತ್ತಾನೆ. ಮತ್ತೆ ಜೋಡಿಸುವುದರೊಳಗೆ ಸೋಮವಾರ ಬಂದಿರುತ್ತದೆ.

ಆದರೆ ಈ ಭಾನುವಾರ ಮಹಾದೇವಿಯದು. ಅವಳು ಮನೆಯಲ್ಲೇ ಕೂತು ಲಗ್ನಪತ್ರಿಕೆ, ನಾಮಕರಣದ ಕಾರ್ಡು ಎಂದು ಕನ್ನಡ ಟೈಪಿಂಗ್ ಮಾಡಿಕೊಂಡಿದ್ದವಳು. ಈ ಸಲ ಅವರ ಕನ್ನಡ ಸಂಘದ ಸ್ಮರಣ ಸಂಚಿಕೆಯನ್ನು ಪೂರ್ತಿ ಅವಳ ಕೈಗೇ ಕೊಟ್ಟಿದ್ದರು. ಶ್ರಾವಣದಿಂದ ಅದೇ ಧ್ಯಾನ. ಬರೆಯುತ್ತೇನೆಂದವರ ಬೆನ್ನು ಹತ್ತಿದಳು, ಬರೆದವರ ಕಾಗುಣಿತ ತಿದ್ದಿದಳು, ಕವಿಗಳನ್ನು ನಯವಾಗಿ ಕಡಿಮೆ ಮಾಡಿದಳು. ಮೊದಲನೇ ಪುಟದಲ್ಲಿ "ಸಂಪಾದಕಿ: ಮಹಾದೇವಿ ಗುರುಬಸವ" ಎಂಬ ಸಾಲಿತ್ತು. ಯಾರೂ ಇಲ್ಲದಾಗ ಅವಳು ಆ ಸಾಲನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡುತ್ತಿದ್ದಳು. ಮಂಗಳವಾರ ಬಿಡುಗಡೆ. ಪ್ರೆಸ್ಸಿನವನು ಸಂಘದ ಮುಲಾಜಿಗೆ ಭಾನುವಾರವೂ ಅಂಗಡಿ ತೆರೆದು ಕೂತಿದ್ದ, ಆದರೆ ನಾಲ್ಕರ ಮೇಲೆ ಒಂದು ನಿಮಿಷ ಕೂರುವುದಿಲ್ಲ ಎಂದಿದ್ದ.

ಕಂಪ್ಯೂಟರ್ ಹಳೆಯದು, ಸುಳ್ಳಲ್ಲ. ಗುಂಡಿ ಒತ್ತಿ, ಅನ್ನಕ್ಕೆ ಇಟ್ಟು, ಒಂದು ಕುಲಾವಿ ಹೆಣೆದು ಬಂದರೂ ಪರದೆಯ ಮೇಲೆ ಚುಕ್ಕೆಗಳು ಗಿರಗಿರ ತಿರುಗುತ್ತಲೇ ಇರುತ್ತವೆ. ಆದರೆ ಅವಳ ಹಳೆಯ ಕನ್ನಡ ಫಾಂಟು ಸರಿಯಾಗಿ ಕಾಣುವುದು ಅದೊಂದರಲ್ಲೇ. ಬೇರೆ ಯಾವುದರಲ್ಲಿ ತೆರೆದರೂ ಅಕ್ಷರಗಳು ಕೋಳಿ ಕೆದರಿದ ತಿಪ್ಪೆ!

"ನಾ ಮಾಟುಂಗಾಕ್ಕ ಹೋಗಿ ಎರಡು ಜಾಹೀರಾತಿನ ಫೋಟೋ ತಗೊಂಡು ಬರ್ತೀನಿ. ನಾ ಬರೂತನಾ ಅದನ್ನ ಮುಟ್ಟಬ್ಯಾಡ್ರಿ. ಮುಟ್ಟಲಿಕ್ಕೇ ಬೇಕಂದ್ರ ನಮ್ಮ ದೇವಾನಂದಗ ಒಂದು ಫೋನ್ ಮಾಡ್ರಿ."

ದೇವಾನಂದ ಮಹಾದೇವಿಯ ತಮ್ಮ. ಮಲಾಡಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಈ ಮನೆಯಲ್ಲಿ ಏನು ಕೆಟ್ಟರೂ ಅವನ ಹೆಸರು ಬರುತ್ತದೆ, ಏನು ಸರಿಹೋದರೂ ಅವನಿಗೇ ಹೆಸರು ಬರುತ್ತದೆ. ಇದು ಗುರುಬಸವನ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು.

ಅವನು ಹೆಂಡತಿಯ ಮಾತನ್ನು ಪಾಲಿಸಿದ. ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸದ್ದು ಕೇಳಿಸುವಷ್ಟು ಹೊತ್ತು ಪಾಲಿಸಿದ.

ಗಾಡಿಯಲ್ಲಿ ನೇತಾಡುತ್ತ ನೋಡಿದ ಒಂದು ವಿಡಿಯೋ ಅವನ ತಲೆಯಲ್ಲಿ ಕೂತಿತ್ತು. "ಭಾಯಿಯೋಂ, ಏಕ್ ಸೆಟ್ಟಿಂಗ್, ಔರ್ ಪಿಸಿ ರಾಕೆಟ್!" ಎಂದು ಒಬ್ಬ ಗಡ್ಡದ ಹುಡುಗ ಹಿಂದಿಯಲ್ಲಿ ಅಬ್ಬರಿಸಿದ್ದ. ವಿಷಯ ಇಷ್ಟೇ: ಕಂಪ್ಯೂಟರಿನ ಹೊಟ್ಟೆಯಲ್ಲಿ ಡಿಸ್ಕಿನೊಂದಿಗೆ ವ್ಯವಹಾರ ನೋಡಿಕೊಳ್ಳುವ ಒಬ್ಬ ಕಾರಭಾರಿ ಇರುತ್ತಾನೆ. ಅವನ ಕೆಲಸಕ್ಕೆ ಮೂರು ಮೋಡ್. ಐಡಿಇ ಎಂದರೆ ಹಳೆ ಕಾಲದ ಗುಮಾಸ್ತ, ಒಂದು ಕೆಲಸ ಮುಗಿದ ಮೇಲೆ ಇನ್ನೊಂದು. ಎಎಚ್‌ಸಿಐ ಎಂದರೆ ಹತ್ತು ಕೆಲಸ ಒಟ್ಟಿಗೆ ಹಿಡಿದು ಯಾವುದು ಮೊದಲೆಂದು ತಾನೇ ನೋಡಿಕೊಳ್ಳುವ ಚುರುಕಿನವನು. ರೇಡ್ ಎಂದರೆ ಎರಡು ಮೂರು ಡಿಸ್ಕಿಗೆ ಒಂದೇ ನೊಗ ಹೂಡುವವನು. ಯಾವುದು ಬೇಕೋ ಅದನ್ನು ಆರಿಸಬೇಕು, ಅಷ್ಟೆ.

ಗುರುಬಸವ ಆರಿಸಲು ಕೂತ. ಕಂಪ್ಯೂಟರ್ ಎದ್ದೇಳುವಾಗಲೇ ಗುಂಡಿ ಕುಟ್ಟಿ ಒಳಗಿನ ಸೆಟ್ಟಿಂಗಿನ ಪುಟ ತೆರೆದ. "ಮೊದಲು ಇರುವುದರ ಫೋಟೋ ತೆಗೆದುಕೊಳ್ಳಿ" ಎಂದು ಹುಡುಗ ಹೇಳಿದ್ದ. ತೆಗೆದ. ಆಮೇಲೆ ಕೀಲಿಯಿಂದ ಮೇಲೆ, ಕೆಳಗೆ, ಮೇಲೆ, ಕೆಳಗೆ, ಮೂರೂ ಹೆಸರಿನ ಅಂದ ನೋಡಿದ. ಕೊನೆಗೆ ಎಎಚ್‌ಸಿಐ ಮೇಲೆ ನಿಲ್ಲಿಸಿ, ರಾಜ್ಯದ ಫರ್ಮಾನಿಗೆ ಮುದ್ರೆ ಒತ್ತುವಂತೆ ಒತ್ತಿದ.

ಚುಕ್ಕೆ ತಿರುಗಿತು. ಪರದೆ ನೀಲಿಯಾಯಿತು. ನೀಲಿಯ ಮೇಲೊಂದು ಅಳುಮುಖ ಮೂಡಿತು. ಕಂಪ್ಯೂಟರ್ ತಾನೇ ಬಂದಾಗಿ, ತಾನೇ ಚಾಲೂ ಆಗಿ, ಮತ್ತೆ ಅದೇ ಅಳುಮುಖ ತೋರಿಸಿತು.

ಗಾಬರಿಯಾಗಲಿಲ್ಲ ನಮ್ಮ ವೀರ! ಫೋಟೋ ಇದೆಯಲ್ಲ! ಮೊಬೈಲ್ ತೆರೆದ. ಫೋಟೋದಲ್ಲಿ ಫ್ಲಾಶಿನ ಬೆಳಕು ಸರಿಯಾಗಿ ಆ ಸಾಲಿನ ಮೇಲೇ ಹೊಡೆದಿತ್ತು. ಅದರ ಕೆಳಗೆ ಗಾಜಿನಲ್ಲಿ ಅವನದೇ ಮುಖ, ಹಲ್ಲು ಬಿಟ್ಟುಕೊಂಡು.

ಮೊದಲು ಯಾವುದಿತ್ತು? ಐಡಿಇಯೋ, ರೇಡೋ? ನೆನಪೇ ಇಲ್ಲ. ಮತ್ತೆ ಆ ವಿಡಿಯೋ ತೆಗೆದು ಕೆಳಗೆ ಜನ ಬರೆದಿದ್ದನ್ನು ಓದಿದ. "ತಪ್ಪು ಮೋಡ್ ಹಾಕಿದೆ, ಸಬ್ ಖಲಾಸ್ ಭಾಯಿ" ಎಂದು ಯಾರೋ ಅತ್ತಿದ್ದರು. ಗುರುಬಸವ ಕೀಲಿಮಣೆಯಿಂದ ಕೈ ತೆಗೆದ. ಆ ಡಬ್ಬಿಯೊಳಗೆ ಶ್ರಾವಣದಿಂದ ಕೂಡಿಟ್ಟ ಮಹಾದೇವಿಯ ಜೀವ ಇತ್ತು.

"ಏನಾತೋ ಗುರೂ?" ಮೂಲೆಯ ದೇವರ ಜಗಲಿಯ ಮುಂದೆ ವಿಭೂತಿ ಹಚ್ಚಿಕೊಂಡು ಕೂತಿದ್ದ ತಾಯಿ ಬಸಲಿಂಗವ್ವ ಕೇಳಿದಳು.

"ಏನಿಲ್ಲ ಯವ್ವಾ."

"ಏನಿಲ್ಲಂದ್ರ ಹಿಂಗ್ಯಾಕ ಬೆವತಿ?"

ಹೇಳಿದ. ಮೂರು ದಾರಿ, ಒಂದು ಸರಿ, ಎರಡು ತಪ್ಪು, ತಪ್ಪಾದರೆ ಸೊಸೆಯ ಸಂಚಿಕೆ ಗೋವಿಂದ. ಬಸಲಿಂಗವ್ವ ಅರೆಗಳಿಗೆಯೂ ಯೋಚಿಸಲಿಲ್ಲ.

"ಹೂವು ಕೇಳೋಣ."

ಆ ಮನೆಯಲ್ಲಿ ಯಾವ ದೊಡ್ಡ ತೀರ್ಮಾನವೂ ಹೂವು ಕೇಳದೆ ಆದದ್ದಲ್ಲ. ಜಗಲಿಯ ಮೇಲಿನ ಪುಟ್ಟ ಮೂರ್ತಿಗೆ ಒದ್ದೆ ಹೂವೊಂದನ್ನು ಅಂಟಿಸಿ ಕೇಳುವುದು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಈ ಫ್ಲ್ಯಾಟ್ ಕೊಂಡದ್ದು ಹಾಗೆ, ಗುರುಬಸವ ನೌಕರಿ ಬದಲಿಸದೆ ಉಳಿದದ್ದೂ ಹಾಗೆ. ಬಿಜಾಪುರದಿಂದ ಬರುವಾಗ ಬಸಲಿಂಗವ್ವ ತಂದ ಆಸ್ತಿಯಲ್ಲಿ ಇದೂ ಒಂದು. ಗುರುಬಸವ ಎಂ.ಕಾಂ. ಓದಿದವನು. ಆದರೆ ನೀಲಿ ಪರದೆಯ ಮುಂದೆ ಕೂತವನಿಗೆ ಎಂ.ಕಾಂ. ಏನು ಮಾಡೀತು? ಹೂಂ ಅಂದ.

"ಶಿವನೇ, ಆ ಐಡಿಯಾ ಹಾಕೂದೇನು?"

"ಐಡಿಇ ಯವ್ವಾ."

"ಅವಗ ತಿಳೀತೈತಿ ಸುಮ್ನಿರು."

ಹೂವು ಎಡಕ್ಕೆ ಬಿತ್ತು. ಎಎಚ್‌ಸಿಐ ಕೇಳಿದಳು, ಎಡಕ್ಕೆ. ರೇಡ್ ಕೇಳಿದಳು, ಎಡಕ್ಕೆ.

"ಮೂರೂ ಬ್ಯಾಡ ಅಂದ," ಬಸಲಿಂಗವ್ವ ಕೈ ಮುಗಿದಳು. "ಇನ್ನ ಅದನ್ನ ಮುಟ್ಟಬ್ಯಾಡ. ಮುಟ್ಟಿದ್ರ ನನ್ನ ಆಣಿ."

ಹೀಗೆ ಗುರುಬಸವ ನಡುವೆ ಸಿಕ್ಕ. ಮುಟ್ಟಿದರೆ ತಾಯಿಯ ಆಣೆ, ಮುಟ್ಟದಿದ್ದರೆ ಹೆಂಡತಿಯ ನಾಲ್ಕು ಗಂಟೆ. ತಲೆ ಎತ್ತಿ ನಿಟ್ಟುಸಿರು ಬಿಟ್ಟಾಗ ಅವನಿಗೆ ಜ್ಞಾನೋದಯವಾಯಿತು. ಜಗಲಿಯ ಬಲಗಡೆ, ಮೇಲೆ, ಫ್ಯಾನು! ಅದು ಗರಗರನೆ ಬೀಸುತ್ತಿತ್ತು. ಆ ಗಾಳಿಗೆ ಹೂವಲ್ಲ, ತೆಂಗಿನಕಾಯಿ ಇಟ್ಟರೂ ಎಡಕ್ಕೇ ಉರುಳಬೇಕು.

ಮೆಲ್ಲಗೆ ಫ್ಯಾನ್ ಬಂದ್ ಮಾಡಿ, "ಇನ್ನೊಮ್ಮೆ ಕೇಳು ಯವ್ವಾ, ಶಿವಗ ಸರಿಯಾಗಿ ಕೇಳಿಸಿಲ್ಲ" ಅಂದ. ಕೇಳಿದಳು. ಹೂವು ಅಂಟಿಕೊಂಡಲ್ಲೇ ಅಂಟಿಕೊಂಡಿತು. ಇಬ್ಬರೂ ಬೆವರು ಸುರಿಸುತ್ತ ಕೂತರು. ಮುಂಬಯಿಯ ಮಧ್ಯಾಹ್ನ, ಫ್ಯಾನಿಲ್ಲದ ಮನೆ!

"ಯಾಕ ಬೀಳವಲ್ತು?"

"ವಿಚಾರ ಮಾಡಾಕತ್ತಾನ. ಅವಸರ ಮಾಡಬ್ಯಾಡ."

ಶಿವನಿಗೆ ಅವಸರವಿಲ್ಲ, ಪ್ರೆಸ್ಸಿನವನಿಗಿದೆ. ಗಂಟೆ ಎರಡು ದಾಟಿತು. ಸಂಘದ ಕಾರ್ಯದರ್ಶಿ ಚೆನ್ನಯ ಫೋನ್ ಮಾಡಿದ. ಅವನು ಕರಾವಳಿಯವನು. "ಏನು ಮಾರಾಯ್ರೆ, ಮಹಾದೇವಿಯಕ್ಕ ಫೋನ್ ತೆಗೆಯುವುದಿಲ್ಲ, ಗಾಡಿಯಲ್ಲಿದ್ದಾರೋ ಏನೋ. ಫೈಲು ರೆಡಿ ಉಂಟಲ್ಲ?" "ಉಂಟು ಉಂಟು, ಮುಗಿಯಾಕ ಬಂದೈತಿ," ಎಂದ ಗುರುಬಸವ. ಯಾವ ಅರ್ಥದಲ್ಲಿ ಮುಗಿಯಲು ಬಂದಿದೆ ಎಂದು ಹೇಳಲಿಲ್ಲ.

ಆಗ ಅವನ ಬುದ್ಧಿ ಅಡ್ಡದಾರಿ ಹಿಡಿಯಿತು. "ನಿನಗ ಸೆಕಿ ಆಗಾಕತ್ತೈತಿ ಯವ್ವಾ" ಎನ್ನುತ್ತ ಟೇಬಲ್ ಫ್ಯಾನ್ ತಂದು ಜಗಲಿಯ ಎಡಗಡೆ ಇಟ್ಟ. ಇನ್ನು ಕೇಳಿದ್ದೆಲ್ಲ ಬಲಕ್ಕೆ! ಮೊದಲು ಐಡಿಇ ಕೇಳುತ್ತಾಳೆ, ಶಿವ ಹೂಂ ಅನ್ನುತ್ತಾನೆ, ಆಣೆ ಮುರಿಯುತ್ತದೆ, ಹಾಕಿ ನೋಡುವುದು. ಎಷ್ಟು ಸರಳ!

ಆದರೆ ಬಸಲಿಂಗವ್ವ ಈ ಸಲ ಕೊನೆಯದರಿಂದ ಸುರು ಮಾಡಿದಳು. "ಶಿವನೇ, ರೇಡ್ ಹಾಕೂದೇನು?"

ಹೂವು ಬಲಕ್ಕೆ ಹಾರಿ ಸೀದಾ ವಿಭೂತಿ ತಟ್ಟೆಯಲ್ಲಿ ಬಿತ್ತು.

"ನೋಡಿದೇನು! ಎಂಥಾ ಬಲ ಕೊಟ್ಟ!" ತಾಯಿಯ ಕಣ್ಣಲ್ಲಿ ನೀರು. "ಏಳು, ಅದನ್ನ ಹಾಕು."

"ಉಳಿದವೆರಡೂ ಒಮ್ಮೆ..."

"ಕೊಟ್ಟ ಮ್ಯಾಲೆ ಮತ್ತೇನು ಕೇಳೂದು? ಸೊಕ್ಕಾ ನಿನಗ?"

ಕಳ್ಳನಿಗೆ ಚೇಳು ಕುಟುಕಿದ ಹಾಗಾಯಿತು. ಫ್ಯಾನಿನ ಗುಟ್ಟು ಹೇಳುವಂತಿಲ್ಲ, ದೇವರ ಅಪ್ಪಣೆ ಮೀರುವಂತಿಲ್ಲ. ರೇಡ್ ಹಾಕಿದ. ಈಗ ಅಳುಮುಖದ ಮೊದಲು ಒಂದು ಹೊಸ ಪರದೆ ಬಂತು, ಯಾವ ಕೀಲಿ ಒತ್ತಬೇಕೆಂದು ಅದೇ ಹೇಳಿತು. ಒತ್ತಿದ. ಇನ್ನೊಂದು ಪಟ್ಟಿ ಬಂತು. ಅದನ್ನೂ ಒತ್ತಿದ. ದಣಿದವನಿಗೆ ಯಾರಾದರೂ ದಬ್ಬಿದರೆ ಸಾಕು, ಹತ್ತಿಬಿಡುವ ಅಭ್ಯಾಸ. ಕೊನೆಗೆ ಕೆಂಪು ಅಕ್ಷರದ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಬಂದು ನಿಂತಿತು. ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ? ವೈ ಒತ್ತಬೇಕು, ಇಲ್ಲವೇ ಎನ್ ಒತ್ತಬೇಕು.

"ಏನಂತೈತೋ?"

"ಎಲ್ಲಾ ಅಳಿಸಿಬಿಡ್ಲೇನು ಅಂತ ಕೇಳಾಕತ್ತೈತಿ ಯವ್ವಾ."

"ಏನು ಅಳಸೂದು?" ಎಂದಿತು ಬಾಗಿಲಲ್ಲಿ ಒಂದು ದನಿ.

ಮಹಾದೇವಿ! ಕೈಯಲ್ಲಿ ಜಾಹೀರಾತಿನ ಲಕೋಟೆ, ಹಣೆಯ ತುಂಬ ಬೆವರು. ಅವಳು ಟೇಬಲ್ ಫ್ಯಾನ್ ನೋಡಿದಳು, ಅತ್ತೆಯನ್ನು ನೋಡಿದಳು, ನೆಲದ ತುಂಬ ಬಿದ್ದ ಹೂವು ನೋಡಿದಳು, ಪರದೆ ನೋಡಿದಳು. ಬೈಯುತ್ತಾಳೆಂದು ಗುರುಬಸವ ತಲೆ ತಗ್ಗಿಸಿದ. ಬೈಯಲಿಲ್ಲ. ಕಾಟಿನ ಅಂಚಿನ ಮೇಲೆ ಕೂತಳು.

"ಶ್ರಾವಣದಿಂದ ಮಾಡೀನ್ರಿ," ಅಂದಳು. ದನಿ ಮೆಲ್ಲಗಿತ್ತು. "ಊರ ಮಂದಿ ಹೆಸರೆಲ್ಲಾ ಟೈಪ್ ಮಾಡೀನಿ ಇಷ್ಟು ವರ್ಷ. ಒಂದ ಸಲ ನನ್ನ ಹೆಸರು ಬರೂದಿತ್ತು."

ಬೈದಿದ್ದರೆ ಗುರುಬಸವ ತಿರುಗಿ ಬೈಯಬಹುದಿತ್ತು, ಡೋರ್‌ಬೆಲ್ ಮಾತು ತೆಗೆದರೆ ಇನ್ನೇನಾದರೂ ತೆಗೆಯಬಹುದಿತ್ತು. ಇದು ಬೈಗುಳವಲ್ಲ. ನಾಚಿಕೆಯಾಯಿತು, ನಿಜವಾದ ನಾಚಿಕೆ. ಗಂಟಲಿನ ಮುಳ್ಳನ್ನು ನುಂಗಿಕೊಂಡು ತಾನೇ ದೇವಾನಂದನಿಗೆ ವಿಡಿಯೋ ಕಾಲ್ ಹಚ್ಚಿದ.

ದೇವಾನಂದ ಪರದೆಯನ್ನು ಒಮ್ಮೆ ನೋಡಿದ. "ಮಾಮಾ, ಎರಡೂ ಕೈ ಮ್ಯಾಲೆ ಎತ್ರಿ."

ಮೊಬೈಲನ್ನು ಹೆಂಡತಿಗೆ ಕೊಟ್ಟು ಎತ್ತಿದ.

"ಹಂಗ ಇಟ್ಕೊಂಡು ಎದ್ದು ಹಿಂದ ಸರೀರಿ. ಅಕ್ಕಾ, ನೀ ಕುಂದ್ರು. ಎನ್ ಒತ್ತು. ಒತ್ತಿದೇನು? ಹಾಂ, ಬಚ್ ಗಯೇ. ಏನೂ ಹೋಗಿಲ್ಲ."

ಮಹಾದೇವಿ ಉಸಿರು ಬಿಟ್ಟ ಸದ್ದು ಮಲಾಡಿನವರೆಗೂ ಕೇಳಿಸಿರಬೇಕು.

"ಮಾಮಾ, ಮೊದಲ ಯಾವುದಿತ್ತು?"

"ನೆನಪಿಲ್ಲೋ. ನಾ ಮೊದಲ ಎಎಚ್‌ಸಿಐ ಹಾಕಿದೆ, ಆಮ್ಯಾಲೆ ರೇಡ್."

"ಎಎಚ್‌ಸಿಐ ಹಾಕಿ ನೋಡೀರಿ, ಆಗಿಲ್ಲ. ರೇಡ್ ಹಾಕಿ ನೋಡೀರಿ, ಆಗಿಲ್ಲ. ಇರೂದು ಮೂರು. ಹಂಗಾರ ಉಳಿದಿದ್ದು ಯಾವುದು?"

ಎರಡನೇ ಇಯತ್ತೆಯ ಲೆಕ್ಕ! ಕೈ ಎತ್ತಿಕೊಂಡೇ ನಿಂತಿದ್ದ ಎಂ.ಕಾಂ. ಪದವೀಧರ ತನ್ನ ಕಾಲ ಬೆರಳು ನೋಡಿಕೊಂಡ.

"ವಿಂಡೋಸ್ ಹಾಕುವಾಗ ಯಾವ ಬಾಗಲದಿಂದ ಒಳಗ ಬಂದಿರ್ತೈತೋ ಅದ ಬಾಗಲ ಅದಕ್ಕ ಗೊತ್ತು ಮಾಮಾ. ನೀವು ಬಾಗಲಾನೇ ಕಿತ್ತು ಬ್ಯಾರೆ ಗ್ವಾಡಿಗೆ ಹಚ್ಚಿದ್ರ ಅದು ಎಲ್ಲಿಂದ ಹೊರಗ ಬರಬೇಕು? ತಪ್ಪು ಮೋಡ್ ಹಾಕಿದ್ರ ಚಾಲೂ ಆಗಂಗಿಲ್ಲ, ಅಷ್ಟ. ಅದೇನು ಕಚ್ಚಂಗಿಲ್ಲ. ಐಡಿಇ ಹಾಕಕ್ಕಾ."

"ಹಾಕಬ್ಯಾಡ!" ಬಸಲಿಂಗವ್ವ ಎದ್ದು ನಿಂತಳು. "ಶಿವ ಅದನ್ನ ಬ್ಯಾಡ ಅಂದಾನ. ಎಡಕ್ಕ ಕೊಟ್ಟಾನ."

ಮೂರೂ ಜನ ಗುರುಬಸವನ ಕಡೆ ನೋಡಿದರು, ಮೊಬೈಲಿನಲ್ಲಿದ್ದವನೂ ಸೇರಿ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ.

"ಯವ್ವಾ, ಎಡಕ್ಕ ಕೊಟ್ಟಿದ್ದು ಶಿವ ಅಲ್ಲ, ಮ್ಯಾಲಿನ ಫ್ಯಾನು. ಬಲಕ್ಕ ಕೊಟ್ಟಿದ್ದು..." ಅವನು ಟೇಬಲ್ ಫ್ಯಾನಿನ ಕಡೆ ಗದ್ದ ತೋರಿಸಿದ. ಕೈ ಇಳಿಸಲು ಇನ್ನೂ ಅಪ್ಪಣೆ ಸಿಕ್ಕಿರಲಿಲ್ಲ.

ಬಸಲಿಂಗವ್ವ ಮೇಲೆ ನೋಡಿದಳು, ಪಕ್ಕ ನೋಡಿದಳು. ಅವಳ ಮುಖ ಕಪ್ಪಿಟ್ಟಿತು. ಎಷ್ಟು ವರ್ಷದ ಎಷ್ಟು ತೀರ್ಮಾನಗಳು ಆ ಗಾಳಿಗೆ ಹಾರುತ್ತಿದ್ದವೋ! ಆಮೇಲೆ ನಿಧಾನವಾಗಿ ಸೊಸೆಯ ಕಡೆ ತಿರುಗಿದಳು.

"ನಿನ್ನ ನೋಡಿ ಬಂದ ದಿನಾನೂ ಇಲ್ಲೇ ಕೇಳಿದ್ದೆ ಮಾದೇವಿ. ಇದ ಜಗಲಿ, ಇದ ಫ್ಯಾನು. ನಿನ್ನ ಹೂವು ಗಾಳಿಗೆ ಎದುರಾಗಿ ಬಲಕ್ಕ ಬಿತ್ತು." ಸೊಸೆಯ ತಲೆಯ ಮೇಲೆ ಕೈಯಿಟ್ಟಳು. "ಹಾಕು. ನೀ ಯಾವುದು ಹಾಕಿದ್ರೂ ಆಕ್ಕೈತಿ."

ಅಂದು ಫ್ಯಾನ್ ತಿರುಗುತ್ತಿತ್ತೋ ಇಲ್ಲವೋ ಎಂದು ಕೇಳುವ ಧೈರ್ಯ ಗುರುಬಸವನಿಗೆ ಬರಲಿಲ್ಲ. ಮಹಾದೇವಿಯ ಕಣ್ಣು ತುಂಬಿದ್ದವು. ಸೆರಗಿನಿಂದ ಒರೆಸಿಕೊಂಡು ಐಡಿಇ ಹಾಕಿದಳು.

ಚುಕ್ಕೆ ತಿರುಗಿತು. ತಿರುಗಿತು. ಇನ್ನೂ ತಿರುಗಿತು. ಅಷ್ಟು ನಿಧಾನವನ್ನು ಅಷ್ಟು ಪ್ರೀತಿಯಿಂದ ಆ ಮನೆಯಲ್ಲಿ ಯಾರೂ ಹಿಂದೆಂದೂ ನೋಡಿರಲಿಲ್ಲ. ಕೊನೆಗೆ ಪರದೆ ತೆರೆಯಿತು. ಸಂಚಿಕೆ ಇತ್ತು, ಅಕ್ಷರ ಅಕ್ಷರ ಇತ್ತು.

"ಮಾಮಾ, ಇನ್ನೊಂದಿನ ಬಂದು ಎಎಚ್‌ಸಿಐ ಸರಿಯಾಗಿ ಮಾಡಿಕೊಡ್ತೀನಿ. ಮೊದಲ ವಿಂಡೋಸಿಗೆ ಹೇಳಿ ಆಮ್ಯಾಲೆ ಬದಲಿ ಮಾಡಬೇಕು, ಭಾಳ ಸಣ್ಣ ಕೆಲಸ," ಎಂದ ದೇವಾನಂದ.

"ಬ್ಯಾಡ!" ಎಂದರು ಅತ್ತೆ ಸೊಸೆ ಒಂದೇ ದನಿಯಲ್ಲಿ.

ಗುರುಬಸವನನ್ನು ಬಾಲ್ಕನಿಗೆ ಕಳಿಸಲಾಯಿತು. ಅವನು ಒಣಹಾಕಿದ ಬಟ್ಟೆಗಳ ನಡುವೆ ಕೈ ಹಿಂದೆ ಕಟ್ಟಿಕೊಂಡು, ಕೆಳಗೆ ಹೋಗುವ ಬಸ್ಸುಗಳನ್ನು ನೋಡುತ್ತ ನಿಂತ. ಒಳಗೆ ಮಹಾದೇವಿಯ ಬೆರಳು ಟಕಟಕ ಓಡುತ್ತಿದ್ದವು. ಜಾಹೀರಾತು ಕೂಡಿಸಿದಳು, ಕೊನೆಯ ಪುಟ ಬರೆದಳು, ಅಕ್ಷರ ಕೆದರದಂತೆ ಪಿಡಿಎಫ್ ಮಾಡಿ ಚೆನ್ನಯನಿಗೆ ಕಳಿಸಿದಳು. "ಬಂತು ಅಕ್ಕಾ, ಪ್ರೆಸ್ಸಿನವ ಷಟರಿಗೆ ಕೈ ಹಾಕಿದ್ದ ಮಾರಾಯ್ರೆ!" ಎಂದು ಚೆನ್ನಯ ಕೂಗಿದ್ದು ಬಾಲ್ಕನಿಗೂ ಕೇಳಿಸಿತು. ಗುರುಬಸವ ಹಸಿ ಚಾದರಕ್ಕೆ ಹಣೆ ಆನಿಸಿ ನಿಂತುಕೊಂಡ.

ಮಂಗಳವಾರ ಸಂಜೆ ಸಂಚಿಕೆ ಬಿಡುಗಡೆಯಾಯಿತು. ವೇದಿಕೆಗೆ ಕರೆದು ಮಹಾದೇವಿಗೆ ಶಾಲು ಹೊದಿಸಿದರು. ಕೆಳಗೆ ಎರಡನೇ ಸಾಲಿನಲ್ಲಿ ಗುರುಬಸವ ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದ. ಆದರೆ ಸುತ್ತಲಿನವರು ಸಂಚಿಕೆ ತಿರುವುತ್ತ ತಿರುವುತ್ತ ಅವನ ಕಡೆ ನೋಡಿ ನಗತೊಡಗಿದರು. ಚೆನ್ನಯ ಬಂದು ಕೈ ಕುಲುಕಿ, "ದೊಡ್ಡ ಮನಸ್ಸು ಮಾರಾಯ್ರೆ ನಿಮ್ಮದು!" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತ ಹೋದ. ಗುರುಬಸವ ಗಡಬಡಿಸಿ ಕೊನೆಯ ಪುಟ ತೆಗೆದ. ಕೃತಜ್ಞತೆಗಳು. ಅಧ್ಯಕ್ಷರು, ದಾನಿಗಳು, ಲೇಖಕರು, ಎಲ್ಲರೂ ಆದ ಮೇಲೆ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು:

"ಕೊನೆಯ ಗಳಿಗೆಯಲ್ಲಿ ಗಣಕಯಂತ್ರವನ್ನು ಮುಟ್ಟದೆ ಬಾಲ್ಕನಿಯಲ್ಲಿ ನಿಂತು, ಈ ಸಂಚಿಕೆ ಸಕಾಲಕ್ಕೆ ಹೊರಬರಲು ಕಾರಣರಾದ ನನ್ನ ಪತಿ ಶ್ರೀ ಗುರುಬಸವ ಅವರ ತ್ಯಾಗಕ್ಕೆ ನಾನು ಚಿರಋಣಿ."

ಪಕ್ಕದಲ್ಲಿ ಕೂತಿದ್ದ ಬಸಲಿಂಗವ್ವನಿಗೆ ಓದಲು ಬರುವುದಿಲ್ಲ. ಮಗನ ಬೆರಳು ಆ ಸಾಲಿನ ಮೇಲೆ ನಿಂತದ್ದನ್ನು ನೋಡಿ ಕೇಳಿದಳು.

"ನಿನ್ನ ಹೆಸರೂ ಬಂದೈತೇನೋ?"

"ಬಂದೈತಿ ಯವ್ವಾ. ನಾನೂ ಭಾಳ ಸಹಾಯ ಮಾಡೀನಂತ ಬರದಾಳ."

ಬಸಲಿಂಗವ್ವ ವೇದಿಕೆಯ ಮೇಲಿದ್ದ ಸೊಸೆಯನ್ನು ನೋಡಿದಳು, ಆಮೇಲೆ ಮಗನನ್ನು ನೋಡಿದಳು.

"ಮುಟ್ಟಿದ್ದಕ್ಕೇನು, ಮುಟ್ಟದ ಬಿಟ್ಟಿದ್ದಕ್ಕೇನು?"